ಗಿಡ್ಡ ಬಾಸ್ ಗಿಟಾರಿನ ಜೀರ್ಣೋದ್ಧಾರ

ಮದುವೆಯ ಚಪ್ಪರದಲ್ಲಾಗಲಿ, ಜಾತ್ರೆಯ ವೇದಿಕೆಯಲ್ಲಾಗಲಿ ವಾದ್ಯಗೋಷ್ಠಿ ನಡೆಯುತ್ತಿರುವಾಗ ಎಲ್ಲರ ಕಿವಿಗೂ ಬೀಳುವ, ಆದರೆ ಯಾರ ಗಮನಕ್ಕೂ ಬಾರದ ವಾದ್ಯವೊಂದುಂಟು. ಹಾಡುವವರ ಹೆಸರು ಜನರಿಗೆ ತಿಳಿದಿರುತ್ತದೆ. ಕೀಬೋರ್ಡು ನುಡಿಸುವವನ ಬೆರಳುಗಳ ಚುರುಕನ್ನು ಮಕ್ಕಳು ಬಾಯಿ ತೆರೆದು ನೋಡುತ್ತಾರೆ. ಹಿಂಬದಿಯಲ್ಲಿ, ಕಂಬದ ಮರೆಯಲ್ಲಿ, ನಾಲ್ಕು ದಪ್ಪ ತಂತಿಗಳ ಗಿಟಾರೊಂದನ್ನು ಹೆಗಲಿಗೆ ತೂಗುಹಾಕಿಕೊಂಡು ನಿಂತವನನ್ನು ಮಾತ್ರ ಯಾರೂ ಕೇಳುವುದಿಲ್ಲ. ಅವನು ಕೈ ನಿಲ್ಲಿಸಿದನೆಂದರೆ ಹಾಡು ತಳವಿಲ್ಲದ ಕೊಡದಂತಾಗುತ್ತದೆ. ಇಳಯರಾಜರು ಸಂಗೀತ ನೀಡಿದ ೧೯೮೧ರ 'ಗೀತಾ', ೧೯೮೩ರ 'ಪಲ್ಲವಿ ಅನುಪಲ್ಲವಿ' ಚಿತ್ರಗಳ ಹಾಡುಗಳನ್ನು ಮತ್ತೊಮ್ಮೆ ಕೇಳಿ ನೋಡಬೇಕು. ಪಲ್ಲವಿಯ ಕೆಳಗೆ ಇನ್ನೊಂದು ರಾಗ ನಡೆದುಹೋಗುತ್ತಿರುವುದು ಆಗ ಅರಿವಿಗೆ ಬರುತ್ತದೆ. ಅದೇ ಬಾಸ್ ಗಿಟಾರು.

ಕಾಡಿನ ನಡುವಿನ ತೆಪ್ಪಕಾಡಿಗೂ ಈ ವಿದೇಶೀ ವಾದ್ಯಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಮೈಸೂರಿನಿಂದ ಬಂಡೀಪುರವನ್ನು ದಾಟಿ ಬರುವ ಹೆದ್ದಾರಿ ಮೋಯಾರು ಹೊಳೆಯ ದಂಡೆಯಲ್ಲಿ ಎರಡಾಗಿ ಒಡೆದು, ಒಂದು ಕವಲು ಗೂಡಲೂರಿಗೂ ಇನ್ನೊಂದು ಮಸಿನಗುಡಿಗೂ ಹೋಗುವ ತಾಣ ತೆಪ್ಪಕಾಡು. ಹೊರಗಿನವರಿಗೆ ಅದು ಆನೆಗಳ ಶಿಬಿರವೆಂದೇ ಪರಿಚಿತ. ಸುತ್ತಿನ ಹಾಡಿಗಳಲ್ಲಿಯೂ ಹಳ್ಳಿಗಳಲ್ಲಿಯೂ ಕನ್ನಡ, ತಮಿಳು, ಮಲಯಾಳ, ಬಡಗ, ಕುರುಂಬ ನುಡಿಗಳು ಒಂದೇ ಸಂತೆಯಲ್ಲಿ ಬೆರೆತು ಕೇಳುತ್ತವೆ. ವಾದ್ಯಗಳೂ ಹಾಗೆಯೇ. ನೀಲಗಿರಿಯ ಕೋತರು ಓಲಗದ ಜಾತಿಯ ಕೊಳ್ ಎಂಬ ವಾದ್ಯವನ್ನು ಊದಿ, ಚರ್ಮವಾದ್ಯಗಳನ್ನು ಬಾರಿಸಿ, ಬಡಗರ ಸಮಾರಂಭಗಳಿಗೂ ತಾವೇ ವಾದ್ಯಗಾರರಾಗಿದ್ದ ಕಾಲವೊಂದಿತ್ತು. ಇಂದಿನ ತರುಣರ ಕೈಗೆ ಕೀಬೋರ್ಡು ಬಂದಿದೆ, ಗಿಟಾರು ಬಂದಿದೆ. ಬಂದುದನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಪಿಟೀಲು ಪರದೇಶದಿಂದ ಬಂದು ನಮ್ಮ ಕಛೇರಿಗಳಲ್ಲಿ ನೆಲದ ಮೇಲೆ ಚಕ್ಕಂಬಟ್ಟೆ ಹಾಕಿ ಕುಳಿತ ಮೇಲೆ, ಯಾವ ವಾದ್ಯ ಯಾರದೆಂದು ಜಗಳ ತೆಗೆಯುವುದರಲ್ಲಿ ಅರ್ಥವಿಲ್ಲ.

ನಮ್ಮಲ್ಲಿ ಓದಿಹೋದ ತರುಣನೊಬ್ಬ ಇಂಥ ಒಂದು ವಾದ್ಯಗೋಷ್ಠಿಯಲ್ಲಿ ಬಾಸ್ ನುಡಿಸುತ್ತಾನೆ. ಮಸಿನಗುಡಿ, ಗೂಡಲೂರುಗಳಲ್ಲಿ ಮದುವೆ, ಇಗರ್ಜಿಯ ಹಬ್ಬ, ಮಾರಿಯಮ್ಮನ ಜಾತ್ರೆಗಳಿಗೆ ಹೋಗುತ್ತಾನೆ. ಒಮ್ಮೊಮ್ಮೆ ಗುಂಡ್ಲುಪೇಟೆಯ ಕಡೆಗೂ. ೨೦೦೯ರಿಂದ ಬಂಡೀಪುರದ ರಸ್ತೆಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿರುವುದರಿಂದ ಒಂಬತ್ತು ಗಂಟೆಯೊಳಗೆ ತನಿಖಾ ಠಾಣೆಯನ್ನು ದಾಟದಿದ್ದರೆ ಬೆಳಗಿನವರೆಗೆ ಆಚೆಯೇ ಉಳಿಯಬೇಕು. ಹೀಗೆ ದುಡಿದ ಹಣದಿಂದ ಮನೆಯ ದಿನಸಿಯ ಅರ್ಧ ಬರುತ್ತದೆ. ಅವನಲ್ಲಿದ್ದುದು ಎರಡನೆಯ ಕೈಯಿಂದ ಕೊಂಡ, ಗಿಡ್ಡ ಅಳತೆಯ ಅಗ್ಗದ ಬಾಸ್. ಅದು ಗುಂಯ್‌ಗುಡುತ್ತಿತ್ತು, ಶ್ರುತಿ ನಿಲ್ಲುತ್ತಿರಲಿಲ್ಲ, ಕೆಳಗಿನ ತಂತಿಯ ನಾದ ಕಂಬಳಿ ಹೊದ್ದಂತೆ ಮಂಕಾಗಿತ್ತು. ಗೋಷ್ಠಿಯ ಯಜಮಾನರು, ಮುಂದಿನ ಹಂಗಾಮಿಗೆ ಒಳ್ಳೆಯ ವಾದ್ಯ ತಾರದಿದ್ದರೆ ಬೇರೆಯವನನ್ನು ನೋಡಿಕೊಳ್ಳುತ್ತೇವೆಂದು ಹೇಳಿಬಿಟ್ಟರು. ಒಂದು ಸಂಜೆ ಅವನ ತಾಯಿ ನಮ್ಮಲ್ಲಿಗೆ ಬಂದು, "ಮೇಷ್ಟ್ರೇ, ನನ್ನ ಬಳೆ ಅಡವಿಟ್ಟು ಹೊಸದು ತರ್ತೀನಿ ಅಂತಾನೆ. ಇರೋದು ಅವೆರಡೇ. ನೀವೊಂದು ಮಾತು ಹೇಳಿ," ಎಂದರು. ಮಾತು ಹೇಳುವುದಕ್ಕೆ ಮೊದಲು ವಾದ್ಯವನ್ನು ನೋಡೋಣವೆಂದು ಅವನನ್ನು ಕರೆಸಿಕೊಂಡೆವು. ಈ ಲೇಖನ ಅಲ್ಲಿಂದ ಹುಟ್ಟಿತು. ಮನೆಯಲ್ಲಿ ಇಂಥ ವಾದ್ಯವನ್ನಿಟ್ಟುಕೊಂಡ ಮಕ್ಕಳಿರುವ ತಂದೆತಾಯಿಗಳಿಗೆ ಇದರಿಂದ ಎರಡು ಕಾಸು ಉಳಿದರೆ ಸಂತೋಷ.

ಮೊದಲು ಅಳತೆಯ ವಿಚಾರ. ಗಿಟಾರಿನ ಕೊರಳಿನ ತುದಿಯಲ್ಲಿ ತಂತಿ ಕೂರುವ ಪಟ್ಟಿಯಿಂದ ಕೆಳಗಿನ ಕುದುರೆಯವರೆಗೆ ತಂತಿಯ ಮಿಡಿಯುವ ಭಾಗವೆಷ್ಟಿದೆಯೋ ಅದಕ್ಕೆ ಸ್ಕೇಲ್ ಎನ್ನುತ್ತಾರೆ. ರೇಡಿಯೋ ರಿಪೇರಿಯಿಂದ ಬಾಳು ಆರಂಭಿಸಿದ ಅಮೆರಿಕದ ಲಿಯೋ ಫೆಂಡರ್ ೧೯೫೧ರಲ್ಲಿ ಮಾರುಕಟ್ಟೆಗೆ ತಂದ ಪ್ರಿಸಿಷನ್ ಬಾಸ್ ೩೪ ಅಂಗುಲದ್ದು. ಇಂದಿಗೂ ಅದೇ ಪೂರ್ಣ ಅಳತೆ. ಸುಮಾರು ೩೦ ಅಂಗುಲದ್ದಕ್ಕೆ ಗಿಡ್ಡ ಅಳತೆ ಎಂದು ಹೆಸರು. ಗಿಡ್ಡದ್ದೆಂದರೆ ಮಕ್ಕಳ ಆಟಿಕೆಯೆಂದು ತಿಳಿಯುವವರಿದ್ದಾರೆ, ಅದು ಸರಿಯಲ್ಲ. ಫೆಂಡರನಿಗಿಂತ ಸುಮಾರು ಹದಿನೈದು ವರ್ಷ ಮೊದಲೇ ಸಿಯಾಟಲ್ ನಗರದ ಪಾಲ್ ಟಟ್‌ಮಾರ್ಕ್ ಎಂಬವರು ಮಾಡಿದ ಮೆಟ್ಟಿಲುಗಳುಳ್ಳ ವಿದ್ಯುತ್ ಬಾಸ್ ಸುಮಾರು ೩೦ ಅಂಗುಲದ್ದೇ ಆಗಿತ್ತು. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ೧೯೬೧ರಲ್ಲಿ ಹ್ಯಾಂಬರ್ಗಿನಲ್ಲಿ ಕೊಂಡ, ಪಿಟೀಲಿನ ಆಕಾರದ ಹಾಫ್ನರ್ ಬಾಸ್ ಕೂಡ ಗಿಡ್ಡದ್ದೇ. ೧೯೭೨ರಲ್ಲಿ ಲಂಡನ್ನಿನಲ್ಲಿ ಕಳುವಾದ ಆ ವಾದ್ಯ ಐವತ್ತು ವರ್ಷಗಳಿಗೂ ಮಿಕ್ಕಿ ಕಾಣೆಯಾಗಿದ್ದು, ದೊರೆತ ಸುದ್ದಿ ೨೦೨೪ರಲ್ಲಿ ಪ್ರಕಟವಾಯಿತು. ಫೆಂಡರ್ ಸಂಸ್ಥೆಯೇ ೧೯೬೬ರಲ್ಲಿ ಮಸ್ಟಾಂಗ್ ಎಂಬ ಹೆಸರಿನ ೩೦ ಅಂಗುಲದ ಬಾಸನ್ನು ಹೊರತಂದಿತು. ಕೈ ಚಿಕ್ಕದಿರುವವರಿಗೆ, ಕುಳಿತು ಹಾಡುತ್ತಲೇ ನುಡಿಸುವವರಿಗೆ, ಬಸ್ಸಿನ ಇಕ್ಕಟ್ಟಿನಲ್ಲಿ ಘಟ್ಟ ಹತ್ತಿಳಿಯುವವರಿಗೆ ಇದರಷ್ಟು ಅನುಕೂಲವಾದುದು ಇನ್ನೊಂದಿಲ್ಲ.

ಆದರೆ ಗಿಡ್ಡತನಕ್ಕೆ ತೆರಬೇಕಾದ ಬೆಲೆಯೊಂದಿದೆ. ಅದನ್ನು ಲೆಕ್ಕ ಹಾಕಿ ತೋರಿಸಬಹುದು. ಒಂದೇ ದಪ್ಪದ ತಂತಿಯನ್ನು ಒಂದೇ ಶ್ರುತಿಗೆ ಕೂಡಿಸುವಾಗ, ಬೇಕಾಗುವ ಬಿಗಿತವು ಉದ್ದದ ವರ್ಗಕ್ಕೆ ಅನುಗುಣವಾಗಿರುತ್ತದೆ. ೩೦ರ ವರ್ಗ ೯೦೦; ೩೪ರ ವರ್ಗ ೧೧೫೬. ಅಂದರೆ ಗಿಡ್ಡ ಬಾಸಿನ ತಂತಿಯ ಬಿಗಿತ ಶೇಕಡಾ ೨೨ರಷ್ಟು ಕಡಿಮೆ. ಬೆರಳಿಗೆ ಇದು ಹಿತ, ಕಿವಿಗೆ ಅಷ್ಟು ಹಿತವಲ್ಲ. ಸಡಿಲ ತಂತಿ ಮೆಟ್ಟಿಲಿಗೆ ಬಡಿಯುತ್ತದೆ. ಒತ್ತಿದಾಗ ಸ್ವರ ಬೇಗ ಏರುತ್ತದೆ. ಕೆಳಗಿನ ತಂತಿಯ ನಾದ ಗಡಸು ಕಳೆದುಕೊಂಡು ಬರಿಯ ಗುಡುಗಾಗುತ್ತದೆ. ಈ ಕುಂದಿನಲ್ಲಿ ಬಹುಪಾಲನ್ನು ಗಿಡ್ಡ ಅಳತೆಗೆಂದೇ ತಯಾರಾದ, ತುಸು ದಪ್ಪ ತಂತಿಗಳಿಂದ ತುಂಬಿಕೊಳ್ಳಬಹುದು. ನಮ್ಮ ತರುಣನ ವಾದ್ಯಕ್ಕೆ ಉದ್ದ ಬಾಸಿನ ತಂತಿಗಳನ್ನೇ ಕತ್ತರಿಸಿ ಕಟ್ಟಿದ್ದರು. ಬಿರಡೆಗೆ ಸುತ್ತುವಲ್ಲಿ ಕೊಂಚ ಸಪೂರವಾಗಬೇಕಾದ ತುದಿ ಹಾಗಾಗದೆ, ದಪ್ಪ ಭಾಗವೇ ಬಿರಡೆಯ ಮೇಲೆ ಮಡಚಿಕೊಂಡಿತ್ತು. ಶ್ರುತಿ ನಿಲ್ಲದಿದ್ದುದಕ್ಕೆ ಅರ್ಧ ಕಾರಣ ಅಲ್ಲಿಯೇ ಸಿಕ್ಕಿತು. ಬಿರಡೆಗಳನ್ನೇ ಬದಲಿಸಬೇಕೆಂದು ಅವನು ಹಟ ಹಿಡಿದಿದ್ದ!

ಇನ್ನು ಪಿಕಪ್ಪು. ವೀಣೆಗೆ ಕೊಡ, ತಂಬೂರಿಗೆ ಬುರುಡೆ. ಬಾಸ್ ಗಿಟಾರಿಗೆ ಇವೆರಡೂ ಇಲ್ಲ, ಒಂದು ಹಲಗೆ ಮಾತ್ರ. ನಾದವನ್ನು ಹಿಡಿದು ವಿದ್ಯುತ್ತಾಗಿಸಿ ಆಂಪ್ಲಿಫೈಯರಿಗೆ ಒಪ್ಪಿಸುವ ಕೆಲಸ ತಂತಿಗಳ ಅಡಿಯಲ್ಲಿ ಕೂತ ಪಿಕಪ್ಪಿನದು. ಅದರ ಒಳಗುಟ್ಟು ಪ್ರೌಢಶಾಲೆಯ ಹುಡುಗರಿಗೆ ಗೊತ್ತಿರುವುದೇ. ೧೮೩೧ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ ನಿಯಮ ಅದು. ತಾಮ್ರದ ಸುರುಳಿಯ ಎರಡು ತುದಿಗಳನ್ನು ಗ್ಯಾಲ್ವನೋಮೀಟರಿಗೆ ಜೋಡಿಸಿ, ಸುರುಳಿಯೊಳಕ್ಕೆ ದಂಡಕಾಂತವನ್ನು ತೂರಿಸಿ ಹೊರಗೆಳೆದರೆ ಮುಳ್ಳು ಅತ್ತಿತ್ತ ಹೊರಳುತ್ತದೆ. ಕಾಂತವನ್ನು ಸುಮ್ಮನೆ ಹಿಡಿದಿದ್ದರೆ ಮುಳ್ಳೂ ಸುಮ್ಮನಿರುತ್ತದೆ. ಗಿಟಾರಿನಲ್ಲಿ ಕಾಂತವೂ ಅಲುಗದು, ಸುರುಳಿಯೂ ಅಲುಗದು; ಅಲುಗುವುದು ಉಕ್ಕಿನ ತಂತಿ. ಕಾಂತದ ಸಮೀಪದಲ್ಲಿರುವ ಉಕ್ಕು ತಾನೂ ಕಾಂತವಾಗಿ, ಮಿಡಿದಾಗ ಸುರುಳಿಯ ಮೂಲಕ ಹಾಯುವ ಕಾಂತರೇಖೆಗಳನ್ನು ಕದಲಿಸುತ್ತದೆ. ಸೆಕೆಂಡಿಗೆ ೪೧ ಬಾರಿ ಕದಲಿಸಿದರೆ ೪೧ ಬಾರಿ ವಿದ್ಯುತ್ತು ಹಿಂದು ಮುಂದಾಗುತ್ತದೆ. ಅದೇ ಬಾಸಿನ ಅತಿ ಕೆಳಗಿನ ಇ ತಂತಿ. ಮುಂದಿನ ಮೂರು ತಂತಿಗಳು ಕ್ರಮವಾಗಿ ೫೫, ಸುಮಾರು ೭೩, ೯೮. ಉಕ್ಕಿಲ್ಲದ ನೈಲಾನ್ ತಂತಿಯನ್ನು ಕಟ್ಟಿದರೆ ಈ ಪಿಕಪ್ಪಿಗೆ ಕಿವುಡು.

ಇಲ್ಲಿಯೇ ಒಂದು ಮಾತು ಹೇಳಿಬಿಡುತ್ತೇವೆ. ಆನೆಗಳ ಊರಿನಲ್ಲಿ ಮಂದ್ರಸ್ವರದ ಪ್ರಸ್ತಾಪ ಬಂದಾಗ ಅದನ್ನು ಬಿಡಲಾಗದು. ೧೯೮೪ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ಮೃಗಾಲಯದಲ್ಲಿ ಏಷ್ಯಾದ ಆನೆಗಳ ಬಳಿ ನಿಂತಿದ್ದ ಕೇಟಿ ಪೇನ್ ಎಂಬ ವಿದುಷಿಗೆ ಗಾಳಿಯಲ್ಲಿ ಏನೋ ನಡುಗಿದಂತಾಯಿತು. ಬಾಲ್ಯದಲ್ಲಿ ಚರ್ಚಿನ ದೊಡ್ಡ ಪೈಪ್ ಆರ್ಗನ್ನಿನ ಪಕ್ಕ ನಿಂತು ಹಾಡುವಾಗ ಎದೆಯಲ್ಲಿ ಆಗುತ್ತಿದ್ದ ನಡುಕ ಅವರಿಗೆ ನೆನಪಾಯಿತು. ಧ್ವನಿಮುದ್ರಿಸಿ ಪರೀಕ್ಷಿಸಿದಾಗ, ಆನೆಗಳು ಸೆಕೆಂಡಿಗೆ ೧೪ರಿಂದ ೨೪ ಕಂಪನಗಳ, ಮನುಷ್ಯನ ಕಿವಿಗೆ ಹೆಚ್ಚುಕಡಿಮೆ ನಿಲುಕದ ದನಿಯಲ್ಲಿ ಮಾತಾಡುತ್ತವೆಂದು ತಿಳಿಯಿತು. ೧೯೮೬ರಲ್ಲಿ ಅದನ್ನು ಪ್ರಕಟಿಸಿದರು. ನಮ್ಮ ಬಾಸಿನ ಕೆಳತಂತಿ ಅದಕ್ಕಿಂತ ಎಷ್ಟೋ ಮೇಲೆ. ಅಭಯಾರಣ್ಯದ ನೆರೆಯಲ್ಲಿ ಧ್ವನಿವರ್ಧಕ ಹಚ್ಚಿ ಅಭ್ಯಾಸ ಮಾಡುವುದು ಸಲ್ಲದು. ನಮ್ಮ ಹುಡುಗ ಕಿವಿಗೆ ಹೆಡ್‌ಫೋನು ಹಾಕಿಕೊಂಡೇ ಸಾಧನೆ ಮಾಡುತ್ತಾನೆ. ಹೆಡ್‌ಫೋನಿನಲ್ಲಿ ವಾದ್ಯದ ದೋಷಗಳೆಲ್ಲ ಭೂತಗನ್ನಡಿಯಲ್ಲಿ ಕಂಡಂತೆ ಕೇಳಿಸುತ್ತವೆ.

ಎಲ್ಲಕ್ಕಿಂತ ದೊಡ್ಡ ದೋಷ ಆ ಗುಂಯ್ಗಾರ. ಅದು ಎಲ್ಲಿಂದ ಬರುತ್ತದೆ? ನಮ್ಮ ದೇಶದ ಮನೆಗಳ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತಗಳದ್ದು. ಗೋಡೆಯೊಳಗಿನ ತಂತಿ, ಟ್ಯೂಬ್‌ಲೈಟಿನ ಚೋಕು, ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರು, ಎಲ್ಲವೂ ಆ ಲಯದಲ್ಲಿ ಕಾಂತಕ್ಷೇತ್ರವನ್ನು ಹೊರಬಿಡುತ್ತಿರುತ್ತವೆ. ಪಿಕಪ್ಪಿನ ಸುರುಳಿಗೆ ತಂತಿಯ ಕಂಪನ ಯಾವುದು, ಟ್ರಾನ್ಸ್‌ಫಾರ್ಮರಿನದು ಯಾವುದು ಎಂಬ ಭೇದವಿಲ್ಲ. ಬೇರೆ ವಾದ್ಯಗಳಾದರೆ ಟೋನ್ ಗುಂಡಿಯನ್ನು ತಿರುಗಿಸಿ ಕೆಳದನಿಯನ್ನು ತಗ್ಗಿಸಿಬಿಡಬಹುದು. ಬಾಸಿನಲ್ಲಿ ಆ ಉಪಾಯ ನಡೆಯದು. ೫೦ ಎಂಬ ಸಂಖ್ಯೆ ೪೧ಕ್ಕೂ ೫೫ಕ್ಕೂ ನಡುವೆ, ವಾದ್ಯದ ಮನೆಯೊಳಗೇ ಬಂದು ಕೂತಿದೆ. ಕಳ್ಳನನ್ನು ಹೊರಗೆ ಹಾಕಲು ಹೋದರೆ ಮನೆಯವರೂ ಹೊರಗಾಗುತ್ತಾರೆ.

ಇದಕ್ಕೆ ಗಿಬ್ಸನ್ ಸಂಸ್ಥೆಯ ಸೇತ್ ಲವರ್ ಎಂಬ ಎಂಜಿನಿಯರರು ೧೯೫೫ರಲ್ಲಿ ಸೊಗಸಾದ ಪರಿಹಾರವೊಂದಕ್ಕೆ ಪೇಟೆಂಟು ಕೋರಿದರು. ಒಂದರ ಬದಲು ಎರಡು ಸುರುಳಿ. ಒಂದು ಬಲಸುತ್ತು, ಇನ್ನೊಂದು ಎಡಸುತ್ತು. ಕಾಂತದ ಧ್ರುವಗಳೂ ಒಂದರಲ್ಲಿ ಉತ್ತರ ಮೇಲೆ, ಇನ್ನೊಂದರಲ್ಲಿ ದಕ್ಷಿಣ ಮೇಲೆ. ಹೊರಗಿನಿಂದ ಬಂದ ಗುಂಯ್ಗಾರ ಎರಡರಲ್ಲಿಯೂ ವಿರುದ್ಧವಾಗಿ ಹುಟ್ಟಿ ಪರಸ್ಪರ ಅಳಿಸಿಹೋಗುತ್ತದೆ. ತಂತಿಯ ಮಿಡಿತಕ್ಕಾದರೋ ಸುತ್ತೂ ತಿರುಗುಮುರುಗು, ಧ್ರುವವೂ ತಿರುಗುಮುರುಗು; ಎರಡು ಋಣಗಳ ಗುಣಲಬ್ಧ ಧನವಾಗುವಂತೆ ನಾದಗಳು ಕೂಡಿಕೊಳ್ಳುತ್ತವೆ. ಇದೇ ಹಂಬಕ್ಕರ್. ಪ್ರಿಸಿಷನ್ ಬಾಸಿನಲ್ಲಿ ೧೯೫೭ರಿಂದ ಕಾಣುವ, ಅರ್ಧ ಮೇಲೆ ಅರ್ಧ ಕೆಳಗೆ ಕೂತಂತಿರುವ ಎರಡು ತುಂಡಿನ ಪಿಕಪ್ಪಿನದೂ ಇದೇ ತತ್ವ. ಮಸ್ಟಾಂಗಿನದೂ ಹಾಗೆಯೇ.

ಹಾಗಾದರೆ ಹೊಸ ಪಿಕಪ್ಪು ಕೊಂಡರೆ ಸರಿಹೋಯಿತಲ್ಲವೆ? ನಮ್ಮ ಅಭಿಪ್ರಾಯದಲ್ಲಿ ಅದು ಮೊದಲ ಖರ್ಚಲ್ಲ, ಕೊನೆಯ ಖರ್ಚು. ತಂತಿಗಳ ನಂತರ ಕೈಹಾಕಬೇಕಾದುದು ಒಂದು ಪೈಸೆಯೂ ತಗಲದ ಕೆಲಸಗಳಿಗೆ. ಪಿಕಪ್ಪಿನ ಪಕ್ಕದ ತಿರುಪುಗಳನ್ನು ತಿರುಗಿಸಿ ಅದನ್ನು ಏರಿಸಿ ಇಳಿಸಬಹುದು. ತಂತಿಗೆ ತೀರ ಹತ್ತಿರವಾದರೆ ಕಾಂತವು ತಂತಿಯನ್ನೇ ಸೆಳೆದು ಸ್ವರ ನಡುಗುತ್ತದೆ, ನಾದ ಬೇಗ ಅಳಿಯುತ್ತದೆ. ದೂರವಾದರೆ ದನಿ ಕುಗ್ಗುತ್ತದೆ. ದಪ್ಪ ತಂತಿಯ ಕಡೆ ತುಸು ತಗ್ಗಿಸಿ, ಸಪೂರ ತಂತಿಯ ಕಡೆ ತುಸು ಎತ್ತಿ, ನಾಲ್ಕೂ ಸಮವಾಗಿ ಕೇಳುವವರೆಗೆ ತಾಳ್ಮೆಯಿಂದ ಹೊಂದಿಸಬೇಕು. ಮಂಕಾದ ಕೆಳತಂತಿ ಇಷ್ಟರಿಂದಲೇ ಸಾಕಷ್ಟು ಕಣ್ಣು ತೆರೆಯಿತು.

ಆಮೇಲೆ ಕುದುರೆ. ಹನ್ನೆರಡನೆಯ ಮೆಟ್ಟಿಲಿನ ಮೇಲೆ ತಂತಿಯನ್ನು ಹಗುರಾಗಿ ಮುಟ್ಟಿ ಮೀಟಿದಾಗ ಬರುವ ಅನುಸ್ವರವೂ, ಅದೇ ಮೆಟ್ಟಿಲನ್ನು ಒತ್ತಿ ಮೀಟಿದ ಸ್ವರವೂ ಒಂದೇ ಆಗಬೇಕು. ಒತ್ತಿದ್ದು ಏರಿದ್ದರೆ ಕುದುರೆಯ ಆ ತುಂಡನ್ನು ಹಿಂದಕ್ಕೆ ಸರಿಸಬೇಕು, ಇಳಿದಿದ್ದರೆ ಮುಂದಕ್ಕೆ. ವೀಣೆಯ ಮೇಳ ಕಟ್ಟುವವರು ಮೇಣದ ಮೇಲೆ ಮೆಟ್ಟಿಲನ್ನೇ ಕೂದಲೆಳೆಯಷ್ಟು ಸರಿಸಿ ಕಿವಿಗೊಟ್ಟು ಕೂರುವುದನ್ನು ಕಂಡವರಿಗೆ ಇದು ಹೊಸದಲ್ಲ. ಅಲ್ಲಿ ಮೆಟ್ಟಿಲು ಸರಿಯುತ್ತದೆ, ಇಲ್ಲಿ ಕುದುರೆ ಸರಿಯುತ್ತದೆ. ಅಗ್ಗದ ಬಾಸಿನ ಕುದುರೆಯಲ್ಲಿ ಸರಿಯುವ ಜಾಗವೇ ಸಾಲದೆ ಹೋಗುವುದುಂಟು. ಇವನದರಲ್ಲಿ ದಪ್ಪ ತಂತಿಗೆ ಜಾಗ ಸಾಲಲಿಲ್ಲ. ತುಂಡುಗಳ ತಿರುಪುಗಳು ತುಕ್ಕು ಹಿಡಿದು ಅಲುಗದಂತಾಗಿದ್ದವು. ಗೂಡಲೂರಿನ ಮಳೆಗಾಲದ ತೇವ, ನುಡಿಸುವವನ ಅಂಗೈ ಬೆವರು, ಎರಡೂ ಸೇರಿದರೆ ಹೊಳಪು ಹಚ್ಚಿದ ಕಬ್ಬಿಣ ಎರಡು ವರ್ಷವೂ ಬಾಳುವುದಿಲ್ಲ. ಹೀಗಾಗಿ ಕುದುರೆಯನ್ನು ಬದಲಿಸುವುದು ಅಗತ್ಯವೇ ಆಯಿತು. ಹಿತ್ತಾಳೆಯ ತುಂಡುಗಳಿರುವುದನ್ನು ಆರಿಸಿದೆವು, ತುಕ್ಕಿನ ಭಯವಿಲ್ಲವೆಂದು. ಇದರಿಂದ ನಾದವೇ ಬೇರೆಯಾಗುತ್ತದೆಂದು ಮಾರುವವರು ಹೇಳುವ ಮಾತನ್ನು ನಾವು ಅಷ್ಟಾಗಿ ನಂಬೆವು. ಶ್ರುತಿ ಸರಿಯಾಯಿತೆಂಬುದೇ ನಮಗೆ ಸಾಕು. ಕೊಳ್ಳುವ ಮುನ್ನ ತಂತಿ ತಂತಿಗಳ ನಡುವಿನ ಅಂತರ, ತಿರುಪಿನ ತೂತುಗಳ ಅಂತರ ಇವೆರಡನ್ನೂ ಮಿಲಿಮೀಟರಿನಲ್ಲಿ ಅಳೆದು ಬರೆದುಕೊಳ್ಳಬೇಕು. ಹೊಸ ತೂತು ಕೊರೆಯುವುದು ಸುಲಭ, ಹಳೆಯದನ್ನು ಮುಚ್ಚುವುದು ಕಷ್ಟ.

ಬಿರಡೆಗಳ ವಿಷಯದಲ್ಲಿ ಗಿಡ್ಡ ಬಾಸಿಗೆ ಒಂದು ವಿಶೇಷ ಎಚ್ಚರಿಕೆ ಬೇಕು. ಈ ವಾದ್ಯಗಳ ಒಡಲು ಹಗುರ. ತಲೆಗೆ ಭಾರವಾದ ದೊಡ್ಡ ಬಿರಡೆಗಳನ್ನು ಹಾಕಿದರೆ ಹೆಗಲಿಗೆ ತೂಗುಹಾಕಿದಾಗ ಕೊರಳು ನೆಲದ ಕಡೆ ಬಾಗಿ, ಎಡಗೈ ನುಡಿಸುವುದನ್ನು ಬಿಟ್ಟು ಹೊರುವುದರಲ್ಲೇ ದಣಿಯುತ್ತದೆ. ಬದಲಿಸಲೇಬೇಕಾದರೆ ಹಗುರ ಲೋಹದ, ಹಲ್ಲುಗಳು ಮುಚ್ಚಿರುವ ಜಾತಿಯದನ್ನು ಹಾಕಬೇಕು. ಇವನ ಹಳೆಯ ಬಿರಡೆಗಳು ಒಂದು ಹನಿ ಎಣ್ಣೆಗೆ ಸಮಾಧಾನಗೊಂಡವು.

ಕೊರಳಿನ ಪಟ್ಟಿಯನ್ನು ಒರೆಸುವಾಗ ಕಣ್ಣಿಗೆ ಬಿದ್ದುದು ನಮ್ಮ ಕಾಡಿನ ಮರವೇ: ಬೀಟೆ! ಮೈಸೂರಿನ ಕುಸುರಿ ಕೆಲಸದವರು ಕೆತ್ತುವ ಇದೇ ಮರ ಸಾಗರಗಳಾಚೆ ಗಿಟಾರುಗಳ ಕೊರಳಪಟ್ಟಿಯೂ ಬೆನ್ನೂ ಆಗುತ್ತದೆ. ಅಮೆರಿಕದ ಮಾರ್ಟಿನ್ ಸಂಸ್ಥೆ ೧೯೬೯ರಲ್ಲಿ ಬ್ರೆಜಿಲ್ಲಿನ ಬೀಟೆಯನ್ನು ಬಿಟ್ಟು ನಮ್ಮ ದೇಶದ ಬೀಟೆಗೆ ಹೊರಳಿತು. ೨೦೧೭ರ ಆರಂಭದಿಂದ ಬೀಟೆಯ ಕುಲದ ಮರಗಳೆಲ್ಲವೂ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣಕ್ಕೆ ಒಳಪಟ್ಟು, ಗಿಟಾರು ಮಾಡುವವರಿಗೆ ದೊಡ್ಡ ತೊಡಕಾಯಿತು. ೨೦೧೯ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ಮುದುಮಲೆಯ ಕಾಡಿನಲ್ಲಿ ಬೀಟೆಯ ಕೆಳಗೆ ದನ ಮೇಯಿಸಿದವರ ಮೊಮ್ಮಗನ ಕೈಗೆ ಅದೇ ಜಾತಿಯ ಮರ ಕಡಲಾಚೆಯ ಕಾರ್ಖಾನೆಯನ್ನು ಸುತ್ತಿಬಂದು ಸೇರಿದ್ದು ವಿನೋದವೇ ಸರಿ. ಒಣಗಿದ ಪಟ್ಟಿಗೆ ಅವನು ನಿಂಬೆಹಣ್ಣಿನ ರಸ ತಿಕ್ಕಲು ಹೊರಟಿದ್ದ, ತಡೆದೆವು. ಹುಳಿ ಮೆಟ್ಟಿಲಿನ ಲೋಹಕ್ಕೂ ಮರಕ್ಕೂ ಒಳ್ಳೆಯದಲ್ಲ. ಖನಿಜ ತೈಲದ ಎರಡು ಹನಿಯನ್ನು ಬಟ್ಟೆಗೆ ಹಾಕಿ ಒರೆಸಿದರೆ ಸಾಕು.

ಈಗ ಒಡಲಿನ ಒಳಗಡೆಗೆ ಬರೋಣ. ಹಿಂದಿನ ಮುಚ್ಚಳ ತೆಗೆದರೆ ಅಲ್ಲಿರುವುದು ಮೂರೋ ನಾಲ್ಕೋ ಸಾಮಾನು: ದನಿಯದೊಂದು, ಟೋನಿನದೊಂದು ಪೊಟೆನ್ಷಿಯೋಮೀಟರು, ಒಂದು ಕೆಪಾಸಿಟರು, ಒಂದು ಜಾಕು. ಬ್ಯಾಟರಿಯಿಲ್ಲದ ಬಾಸಾದರೆ ಇಷ್ಟೇ. ಹಂಬಕ್ಕರಿಗೆ ೫೦೦ ಕಿಲೋ ಓಮಿನದೂ, ಒಂಟಿ ಸುರುಳಿಗೆ ೨೫೦ ಕಿಲೋ ಓಮಿನದೂ ಪೊಟೆನ್ಷಿಯೋಮೀಟರು ವಾಡಿಕೆ. ಕೆಪಾಸಿಟರು ಸಾಮಾನ್ಯವಾಗಿ ೦.೦೪೭ ಮೈಕ್ರೋಫ್ಯಾರಡು. ಇವು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಲ್ಪ ಬೆಲೆಗೆ ಸಿಗುವ ವಸ್ತುಗಳು. ಗಿಟಾರಿನ ಹೆಸರು ಅಚ್ಚಾದ ಡಬ್ಬಿಯಲ್ಲಿ ಅವನ್ನೇ ಕೊಂಡರೆ ಹಲವು ಪಟ್ಟು ತೆರಬೇಕು. ಗುಂಡಿ ತಿರುಗಿಸಿದಾಗ ಕರಕರ ಸದ್ದಾದರೆ ಪೊಟೆನ್ಷಿಯೋಮೀಟರು ಕೊಳೆತಿದೆಯೆಂದು ಅರ್ಥ. ಕಾಲಿಂದ ತಂತಿ ಎಳೆದರೆ ದನಿ ಹೋಗಿ ಬರುವುದಾದರೆ ಜಾಕಿನ ನಾಲಗೆ ಸಡಿಲವಾಗಿದೆ. ಈ ಕಾಲಿಂಚಿನ ಜಾಕು ಹತ್ತೊಂಬತ್ತನೆಯ ಶತಮಾನದ ಟೆಲಿಫೋನು ವಿನಿಮಯ ಕೇಂದ್ರಗಳಿಗಾಗಿ ಹುಟ್ಟಿದ್ದು. ಇಂದಿಗೂ ಗಿಟಾರನ್ನು ಬಿಟ್ಟಿಲ್ಲ.

ಗುಂಯ್ಗಾರದ ಮೂಲ ಹುಡುಕಲು ಒಂದು ಸರಳ ಪರೀಕ್ಷೆಯಿದೆ. ತಂತಿಯ ಮೇಲೆ ಕೈಯಿಟ್ಟಾಗ ಸದ್ದು ಕಡಿಮೆಯಾದರೆ ಕುದುರೆಯ ಭೂಸಂಪರ್ಕದ ತಂತಿ ಸರಿಯಿದೆ, ಆದರೆ ಒಡಲಿನ ಕುಳಿಗೆ ಲೋಹದ ಕವಚವಿಲ್ಲವೆಂದು ತಿಳಿಯಬೇಕು. ಕೈಯಿಟ್ಟಾಗ ಹೆಚ್ಚಾದರೆ ಎಲ್ಲಿಯೋ ಬೆಸುಗೆ ತಪ್ಪಿದೆ. ಇವನದರಲ್ಲಿ ಕುದುರೆಯ ಕೆಳಗಿನ ತಂತಿ ಬಿಟ್ಟೇ ಹೋಗಿತ್ತು. ಅದನ್ನು ಬೆಸೆದು, ಕುಳಿಯೊಳಗೆಲ್ಲ ಅಂಟುಳ್ಳ ತಾಮ್ರದ ಹಾಳೆಯನ್ನು ಹಾಸಿ, ಅದನ್ನೂ ಭೂಸಂಪರ್ಕಕ್ಕೆ ಸೇರಿಸಿದಾಗ ಗುಂಯ್ಗಾರದ ಮುಕ್ಕಾಲು ಅಡಗಿತು. ಉಳಿದುದು ಸುರುಳಿಯೇ ಕಾಂತಕ್ಷೇತ್ರದಿಂದ ಹಿಡಿದುಕೊಳ್ಳುತ್ತಿದ್ದುದು. ಅದಕ್ಕೆ ತಾಮ್ರದ ಹಾಳೆ ಅಡ್ಡಬಾರದು. ಅಷ್ಟರ ಮಟ್ಟಿಗೆ ಮಾತ್ರ ಹೊಸ ಪಿಕಪ್ಪಿನ ಅಗತ್ಯ ಸಿದ್ಧವಾಯಿತು.

ಭೂಸಂಪರ್ಕವೆಂದಾಗ ಇನ್ನೊಂದು ವಿಷಯವನ್ನು ಒತ್ತಿ ಹೇಳದೆ ಮುಂದೆ ಹೋಗಲಾರೆವು. ಗಿಟಾರಿನ ಒಳಗೆ ಅಪಾಯಕರ ವಿದ್ಯುತ್ತಿಲ್ಲ. ಆದರೆ ಅದರ ಲೋಹದ ತಂತಿಗಳು ಕೇಬಲ್ಲಿನ ಮೂಲಕ ಆಂಪ್ಲಿಫೈಯರಿನ ಒಡಲಿಗೆ ಸೇರಿರುತ್ತವೆ. ಆಂಪ್ಲಿಫೈಯರಿಗೆ ಸರಿಯಾದ ಅರ್ತಿಂಗ್ ಇಲ್ಲದೆ ಒಳಗೆ ಏನಾದರೂ ಸೋರಿಕೆಯಾದರೆ ನುಡಿಸುವವನ ಹತ್ತು ಬೆರಳುಗಳೂ ಆ ವಿದ್ಯುತ್ತಿನ ಮೇಲೆಯೇ ಇರುತ್ತವೆ. ತುಟಿ ಮೈಕಿಗೆ ತಗುಲಿದರೆ ಹಾದಿ ಪೂರ್ತಿಯಾಗುತ್ತದೆ. ೧೯೭೨ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸ್ವಾನ್ಸೀ ಊರಿನಲ್ಲಿ ಲೆಸ್ ಹಾರ್ವೆ ಎಂಬ ಗಿಟಾರ್ ವಾದಕ ಭೂಸಂಪರ್ಕವಿಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ಪ್ರಾಣಬಿಟ್ಟರು. ಯಾರ್ಡ್‌ಬರ್ಡ್ಸ್ ತಂಡದ ಗಾಯಕ ಕೀತ್ ರೆಲ್ಫ್ ೧೯೭೬ರಲ್ಲಿ ತಮ್ಮ ಮನೆಯಲ್ಲಿಯೇ ಗಿಟಾರು ನುಡಿಸುತ್ತ ಹಾಗೆಯೇ ಹೋದರು. ಅಲ್ಲಿ ಹಾಗಾದರೆ ನಮ್ಮ ಚಪ್ಪರಗಳಲ್ಲಿ? ಪ್ಲಗ್ಗನ್ನು ಕಿತ್ತು ಬರಿಯ ತಂತಿಗಳನ್ನು ಬೆಂಕಿಕಡ್ಡಿಯಿಂದ ಸಾಕೆಟ್ಟಿಗೆ ಅದುಮುವುದು, ಮೂರನೆಯ ದಪ್ಪ ಪಿನ್ನು ಅಡ್ಡಬರುತ್ತದೆಂದು ಮುರಿದುಹಾಕುವುದು, ಸದ್ದು ಬರುತ್ತದೆಂದು ಅರ್ತಿಂಗ್ ತಂತಿಯನ್ನೇ ಬಿಚ್ಚಿಡುವುದು, ಇವೆಲ್ಲವನ್ನೂ ನಾವು ಕಣ್ಣಾರೆ ಕಂಡಿದ್ದೇವೆ. ಅದರ ಮೇಲೆ ಮಳೆಗೆ ನೆನೆದ ನೆಲ, ಬರಿಗಾಲು.

ಹುಡುಗನಿಗೆ ನಾವು ವಿಧಿಸಿದ ಮೊದಲ ಷರತ್ತು ಇದೇ. ಪಿಕಪ್ಪಿಗೆ ಮುಂಚೆ ಮೂರು ಪಿನ್ನಿನ ಒಳ್ಳೆಯ ಪ್ಲಗ್ಗಿರುವ ವಿಸ್ತರಣಾ ಪೆಟ್ಟಿಗೆ, ಅದಕ್ಕೆ ೩೦ ಮಿಲಿಆಂಪಿಯರ್ ಸೋರಿಕೆಗೇ ಕಡಿದುಹೋಗುವ ರಕ್ಷಕ ಸ್ವಿಚ್ಚು, ಕಾಲಿಗೆ ರಬ್ಬರಿನ ಅಟ್ಟೆಯ ಮೆಟ್ಟು. ಇಡೀ ಗೋಷ್ಠಿಯ ಮೈಕು, ಆಂಪ್ಲಿಫೈಯರುಗಳಿಗೆ ವಿದ್ಯುತ್ತು ಆ ಒಂದೇ ಪೆಟ್ಟಿಗೆಯಿಂದ ಹೋಗಬೇಕು. ಜೊತೆಗೆ ಎರಡು ಎಚ್ಚರಿಕೆ: ಆ ಊರಿನ ಸಾಕೆಟ್ಟಿನಲ್ಲಿಯೇ ಅರ್ತಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ನನಿಂದ ನೋಡಿಸಿಕೊಳ್ಳದೆ ಬಾಸ್ ಮುಟ್ಟಬಾರದು, ಆಂಪ್ಲಿಫೈಯರನ್ನು, ಅದರಲ್ಲಿಯೂ ವಾಲ್ವಿನದನ್ನು, ಎಂದೂ ತಾನಾಗಿ ಬಿಚ್ಚಬಾರದು, ಪ್ಲಗ್ಗು ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರುಗಳು ಬಹಳ ಹೊತ್ತು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ. "ಇದಕ್ಕೆ ಕೊಟ್ಟ ದುಡ್ಡಲ್ಲಿ ಪಿಕಪ್ಪೇ ಬರ್ತಿತ್ತಲ್ಲ ಸಾರ್," ಎಂದು ಅವನು ಗೊಣಗಿದ್ದು ನಿಜ. ಅವನ ತಾಯಿ ಮಾತ್ರ, "ಬಳೆ ಬೇಕಾದ್ರೆ ಇದಕ್ಕೆ ತೊಗೊಳ್ಳಿ ಮೇಷ್ಟ್ರೇ," ಎಂದುಬಿಟ್ಟರು. ಅದರ ಅವಶ್ಯಕತೆ ಬೀಳಲಿಲ್ಲ.

ಪಿಕಪ್ಪಿನ ಖರೀದಿಯಲ್ಲಿ ಮೊದಲ ಸಲ ಎಡವಟ್ಟಾಯಿತು. ಚಿತ್ರ ನೋಡಿ ಅಂಚೆಯಲ್ಲಿ ತರಿಸಿದುದು ಪೂರ್ಣ ಅಳತೆಯ ಬಾಸಿನದು. ಕುಳಿಗೇನೋ ಕೂತಿತು, ಆದರೆ ಕಾಂತದ ಮೊಳೆಗಳು ತಂತಿಯ ನೇರಕ್ಕೆ ಬಾರದೆ ಹೊರತಂತಿಗಳೆರಡೂ ಸಣ್ಣಗೆ ಕೇಳಿದವು. ಗಿಡ್ಡ ಬಾಸುಗಳಲ್ಲಿ ತಂತಿಗಳ ಅಂತರ ಅನೇಕ ವೇಳೆ ಕಿರಿದಾಗಿರುತ್ತದೆ. ಪಿಕಪ್ಪು ಕೂರುವ ಜಾಗದಲ್ಲಿಯೇ, ಇ ತಂತಿಯ ನಡುವಿನಿಂದ ಜಿ ತಂತಿಯ ನಡುವಿನವರೆಗೆ ಅಳೆದು ಅದಕ್ಕೆ ಹೊಂದುವುದನ್ನೇ ತರಿಸಬೇಕು. ಮೊಳೆಗಳ ಬದಲು ಉದ್ದಕ್ಕೂ ಒಂದೇ ಲೋಹದ ಪಟ್ಟಿಯಿರುವ ಜಾತಿಯೂ ಇದೆ. ಅದಕ್ಕೆ ಈ ತೊಡಕೇ ಇಲ್ಲ. ಹಿಂದಿರುಗಿಸಿ ಅಂಥದನ್ನೇ ತರಿಸಿದೆವು. ಕಾಂತವು ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟು ಬೆರೆತ ಅಲ್ನಿಕೋ ಆಗಿರಬೇಕೋ, ಸೆರಾಮಿಕ್ ಆಗಿರಬೇಕೋ ಎಂಬ ಚರ್ಚೆಯನ್ನು ತರುಣರು ರಾತ್ರಿಯಿಡೀ ಮಾಡಬಲ್ಲರು. ಅಲ್ನಿಕೋ ಮೃದು, ಸೆರಾಮಿಕ್ ಗಡಸು ಎಂಬುದು ಸಾಮಾನ್ಯ ಅಭಿಪ್ರಾಯ. ಸುತ್ತುಗಳ ಸಂಖ್ಯೆ, ಕೂರಿಸಿದ ಸ್ಥಳ ಇವು ಕಾಂತಕ್ಕಿಂತ ಕಡಿಮೆ ಮುಖ್ಯವಲ್ಲವೆಂದಷ್ಟೇ ನಮ್ಮ ಮಾತು. ಕೊರಳಿನ ಬುಡಕ್ಕೆ ಅಂಟಿ ಕೂತ ಪಿಕಪ್ಪು ಗುಡುಗನ್ನು ಹೆಚ್ಚಿಸುತ್ತದೆ. ಕುದುರೆಯ ಕಡೆ ಸರಿದಷ್ಟೂ ಸ್ವರ ಸ್ಪಷ್ಟ, ಆದರೆ ತೆಳು. ಗಿಡ್ಡ ಬಾಸಿಗೆ ನಡುಜಾಗವೇ ಲೇಸು.

ಜೋಡಿಸುವುದು ಅರ್ಧ ದಿನದ ಕೆಲಸ. ಹಳೆಯ ತಂತಿಗಳು ಎಲ್ಲೆಲ್ಲಿ ಬೆಸೆದಿದ್ದವೆಂದು ಬಿಚ್ಚುವ ಮುನ್ನ ಕಾಗದದ ಮೇಲೆ ಚಿತ್ರ ಬರೆದಿಟ್ಟುಕೊಳ್ಳಬೇಕು. ಕೈಯಲ್ಲಿ ಫೋನಿದ್ದರೂ ಬರೆಯಬೇಕು, ಬರೆದಾಗ ತಲೆಗೆ ಹತ್ತುತ್ತದೆ. ನಲವತ್ತು ವಾಟಿನ ಕಾವಿ, ರಾಳವುಳ್ಳ ಈಯ. ಪೊಟೆನ್ಷಿಯೋಮೀಟರಿನ ಬೆನ್ನಿಗೆ ಬೆಸೆಯುವಾಗ ಮೊದಲು ಅಲ್ಲಿ ಕಾಗದದ ಉಜ್ಜು ತಾಗಿಸಿ ಹೊಳಪು ಬರಿಸಿದರೆ ಈಯ ಕೂಡಲೆ ಹಿಡಿಯುತ್ತದೆ. ಬಹಳ ಹೊತ್ತು ಕಾಯಿಸಿದರೆ ಒಳಗಿನ ಇಂಗಾಲದ ಪಟ್ಟಿ ಸುಟ್ಟುಹೋಗುತ್ತದೆ. ಎರಡು ಪಿಕಪ್ಪುಗಳಿರುವ ವಾದ್ಯದಲ್ಲಿ ಎರಡನ್ನೂ ತೆರೆದಾಗ ನಾದ ಸಣ್ಣದಾಗಿ ಮೂಗಿನಿಂದ ಬಂದಂತಾದರೆ ಒಂದರ ಎರಡು ತಂತಿಗಳು ಅದಲುಬದಲಾಗಿವೆಯೆಂದು ತಿಳಿದು ತಿರುಗಿಸಿ ಬೆಸೆಯಬೇಕು.

ಮುಗಿದ ಮೇಲೆ ಹೆಡ್‌ಫೋನು ಹಾಕಿಕೊಂಡು ಅವನು ಬಹಳ ಹೊತ್ತು ಏನನ್ನೂ ನುಡಿಸಲಿಲ್ಲ, ಸುಮ್ಮನೆ ಕೇಳುತ್ತಿದ್ದ. "ಏನೂ ಕೇಳಿಸ್ತಿಲ್ಲ ಸಾರ್!" ಎಂದು ಕೊನೆಗೆ ನಕ್ಕ. ಗುಂಯ್ಗಾರ ಹೋಗಿತ್ತು. ಕೆಳತಂತಿಯ ನಾದ ಉದ್ದ ಬಾಸಿನಷ್ಟು ಬಿಗಿಯಾಗಲಿಲ್ಲ, ಆಗುವುದೂ ಇಲ್ಲ. ನಾಲ್ಕು ಅಂಗುಲವನ್ನು ಯಾವ ಪಿಕಪ್ಪೂ ತುಂಬಿಕೊಡಲಾರದು. ಗೋಷ್ಠಿಯ ಯಜಮಾನರು ಮುಂದಿನ ಮದುವೆಯಲ್ಲಿ ಅವನನ್ನೇ ನಿಲ್ಲಿಸಿದರು. ಇವನ ಪೆಟ್ಟಿಗೆಯನ್ನು ನೋಡಿ ಕೀಬೋರ್ಡಿನವನೂ ಅಂಥದೊಂದನ್ನು ಮಾಡಿಸಿಕೊಂಡನೆಂದು ಆಮೇಲೆ ಕೇಳಿದೆವು.

ಬಿಚ್ಚಿದ ಹಳೆಯ ಭಾಗಗಳನ್ನು ಎಸೆಯಬಾರದು. ವಾದ್ಯವನ್ನು ಮಾರುವ ಕಾಲ ಬಂದರೆ ಮೂಲದ ಸಾಮಾನು ಜೊತೆಗಿದ್ದಷ್ಟೂ ಬೆಲೆ. ಇವನು ಕುದುರೆಯನ್ನೂ ಪೊಟೆನ್ಷಿಯೋಮೀಟರುಗಳನ್ನೂ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಕಟ್ಟಿಟ್ಟಿದ್ದಾನೆ. ಹಳೆಯ ಪಿಕಪ್ಪನ್ನು ಮಾತ್ರ ನಾವು ಕೇಳಿ ಇಸಿದುಕೊಂಡೆವು. ಒಂದು ಹಲಗೆಗೆ ಎರಡು ಮೊಳೆ ಹೊಡೆದು, ನಡುವೆ ಉಕ್ಕಿನ ತಂತಿ ಬಿಗಿದು, ಅದರಡಿಯಲ್ಲಿ ಪಿಕಪ್ಪನ್ನಿಟ್ಟು ಸಣ್ಣ ಆಂಪ್ಲಿಫೈಯರಿಗೆ ಜೋಡಿಸಿದ್ದೇವೆ. ಫ್ಯಾರಡೆಯ ಪಾಠದ ದಿನ ಹಿಂದಿನ ಬೆಂಚಿನವರೂ ಮೇಜಿನ ಸುತ್ತ ನೆರೆದು, ತಂತಿಯನ್ನು ಮೀಟಲು ತಮ್ಮ ಸರದಿಗಾಗಿ ನೂಕಾಡುತ್ತಾರೆ.